ವಸೀಲಾ ತಂದಿಟ್ಟ ಹಂಡೆ

ಬಾಗಿಲು ತೆಗೆದ ಶಾದ್ಲಿಯಾಳ ಕಣ್ಣಿಗೆ ಮೊದಲು ಬಿದ್ದದ್ದು ಹಂಡೆ. ಅದನ್ನು ಸೊಂಟಕ್ಕೆ ಒತ್ತಿ ಹಿಡಿದು ಏದುಸಿರು ಬಿಡುತ್ತ ನಿಂತಿದ್ದ ಓರಗಿತ್ತಿ ವಸೀಲಾ ಕಂಡದ್ದು ಆಮೇಲೆ. ತೀರಿಹೋದ ಅತ್ತೆ ಖದ್ದೂಜಾಳ ತಾಮ್ರದ ಹಂಡೆ ಅದು. ಮೇಲೆ ಹಬೆಯಲ್ಲಿ ಬೇಯಿಸುವ ತೂತಿನ ಪಾತ್ರೆಯೂ ಕೂತಿತ್ತು. ಎರಡನ್ನೂ ವಸೀಲಾ ನಿಂಬೆ, ಉಪ್ಪು ಹಾಕಿ ತಿಕ್ಕಿ ತಿಕ್ಕಿ ಬೆಳಗಿದ್ದಳು. ಆಗಸ್ಟ್ ತಿಂಗಳ ಬೆಳಗಿನ ಬಿಸಿಲಿಗೆ ಅವು ಕಣ್ಣು ಕುಕ್ಕುವ ಹಾಗೆ ಹೊಳೆಯುತ್ತಿದ್ದವು.

“ತಗೋ ಅಕ್ಕ,” ಎಂದಳು ವಸೀಲಾ. “ವರ್ಷಕ್ಕಾಗೋ ಕುಸ್ಕುಸ್ ಕಾಳು ಕಟ್ಟಿ ಬೇಯಿಸೋ ಕಾಲ. ನಿನ್ನ ಆ ಸೊಟ್ಟ ಅಲ್ಯೂಮಿನಿಯಂ ಪಾತ್ರೇಲಿ ಎಷ್ಟು ಸರ್ತಿ ಅಂತ ಬೇಯಿಸ್ತೀಯ. ಇದರಲ್ಲಾದ್ರೆ ಎರಡೇ ದಿನಕ್ಕೆ ಮುಗಿಯುತ್ತೆ.”

ಶಾದ್ಲಿಯಾ ಹಂಡೆಗೆ ಕೈ ಚಾಚಲಿಲ್ಲ. ಇಪ್ಪತ್ತೊಂದು ವರ್ಷದ ಹಿಂದೆ, ಅತ್ತೆಯ ನಲವತ್ತನೇ ದಿನದ ಊಟ ಮುಗಿದ ಸಂಜೆ, ಇದೇ ವಸೀಲಾ ಇದೇ ಹಂಡೆಯ ಮೇಲೆ ಕೈಯಿಟ್ಟು, ಬೀದಿಯ ಹೆಂಗಸರೆಲ್ಲರ ಎದುರು ಅಲ್ಲಾಹನ ಮೇಲೆ ಆಣೆ ಮಾಡಿದ್ದಳು: ಶಾದ್ಲಿಯಾ ಬದುಕಿರುವ ತನಕ ಈ ಹಂಡೆ ಅವಳ ಮನೆಯ ಒಲೆ ಏರುವುದಿಲ್ಲ. ಹಂಡೆ ಹಿರಿಸೊಸೆಗೆ ಎಂದು ಅತ್ತೆ ಬಾಯಿಬಿಟ್ಟು ಹೇಳಿದ್ದಳೆಂದು ಶಾದ್ಲಿಯಾಳ ವಾದ. ಹಾಸಿಗೆ ಹಿಡಿದ ಅತ್ತೆಯ ಹೇಲುಚ್ಚೆ ಬಳಿದವಳು ತಾನೆಂದು ವಸೀಲಾಳ ವಾದ. ಇಬ್ಬರ ಮಾತೂ ನಿಜವೇ ಆಗಿತ್ತು. ಅದಕ್ಕೇ ಜಗಳ ಇಷ್ಟು ವರ್ಷ ಬಾಳಿತು. ಕಡಲ ದಂಡೆಯ ಮಹ್ದಿಯಾ ಪಟ್ಟಣದ ಹಳೇ ಊರಿನಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಸುನ್ನತಿಯಾದರೂ ಆ ಹಂಡೆ ಹೋಗಿ ಬಂದಿತ್ತು. ಎರಡು ಬೀದಿ ಆಚೆಗಿದ್ದ ಈ ಹೊಸ್ತಿಲೊಂದನ್ನು ಮಾತ್ರ ಅದು ದಾಟಿರಲಿಲ್ಲ.

“ಒಳಗೆ ಬಾ,” ಎಂದಳು ಶಾದ್ಲಿಯಾ.

“ಇಲ್ಲ ಅಕ್ಕ, ಒಲೆ ಮೇಲೆ ಸಾರು ಇಟ್ಟು ಬಂದಿದ್ದೀನಿ.” ಹಂಡೆಯನ್ನು ಹೊಸ್ತಿಲೊಳಗೆ ಇಳಿಸಿ ವಸೀಲಾ ಅವಳ ಎರಡೂ ಕೆನ್ನೆಗೆ ಮುತ್ತಿಟ್ಟಳು. ಅವಳ ಕಣ್ಣಲ್ಲಿ ನೀರಿತ್ತು. “ನನ್ನ ಬಾಯಿಂದ ಏನೇನೋ ಮಾತು ಬಂದಿದೆ. ಮನಸ್ಸಲ್ಲಿ ಇಟ್ಕೋಬೇಡ. ಮನ್ನಿಸಿಬಿಡು.”

“ನೀನೂ ಮನ್ನಿಸು,” ಎಂದಳು ಶಾದ್ಲಿಯಾ. ಆ ಮಾತಿಗೆ ಬೇರೆ ಉತ್ತರವಿಲ್ಲ. ಮಕ್ಕಾಗೆ ಹೊರಟವರಿಗೆ, ಇಲ್ಲವೇ ಸಾಯಲು ಮಲಗಿದವರಿಗೆ ಜನ ಹೀಗೆ ಮನೆತನಕ ಬಂದು ಹೇಳುತ್ತಾರೆ. ಶಾದ್ಲಿಯಾ ಮಕ್ಕಾಗೇನೂ ಹೊರಟಿರಲಿಲ್ಲ.

ಅವಳ ಹೊಟ್ಟೆಯಲ್ಲಿ ಗಡ್ಡೆಯಿದೆ ಎಂದು ಗೊತ್ತಾಗಿ ಇಪ್ಪತ್ತು ದಿನವಾಗಿತ್ತು. ವರ್ಷದಿಂದ ಹೊಕ್ಕುಳಿನ ಎಡಕ್ಕೆ ಏನೋ ಭಾರ, ಆಗಾಗ ಹಿಡಿದು ತಿರುಚಿದ ಹಾಗೆ ನೋವು. ವಾಯು ಎಂದು ಸೋಂಪಿನ ಕಷಾಯ ಕುಡಿದುಕೊಂಡು ಬಂದಿದ್ದಳು. ಜುಲೈನಲ್ಲಿ ಶಾಲೆಗೆ ರಜೆ ಬಂದ ಮೇಲೆ ಟೀಚರಾಗಿದ್ದ ಮಗಳು ಎಮ್ನಾ ಬಲವಂತ ಮಾಡಿ ಪಕ್ಕದ ಊರಿನ ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಒಂದಾದ ಮೇಲೊಂದು ಮೂರು ಯಂತ್ರಗಳಲ್ಲಿ ಮಲಗಿಸಿ ಚಿತ್ರ ತೆಗೆದರು. ಕೊನೆಯ ಚಿತ್ರ ಬಂದ ದಿನ ಶಾದ್ಲಿಯಾ ಮನೆಯಲ್ಲೇ ಇದ್ದಳು. ಎಮ್ನಾ ಒಬ್ಬಳೇ ಹೋಗಿ ಬಂದು, ಚಪ್ಪಲಿ ಬಿಡುತ್ತ, ಮುಖ ಎತ್ತದೆ ಹೇಳಿದಳು: “ಸಾಧು ಗಡ್ಡೆಯಂತೆ ಅಮ್ಮ. ಅದಲ್ಲವಂತೆ.”

ಅದು ಎಂದರೆ ಅದು. ಆ ಕಾಯಿಲೆಯ ಹೆಸರನ್ನು ಊರಿನಲ್ಲಿ ಯಾರೂ ಬಾಯಲ್ಲಿ ಆಡುವುದಿಲ್ಲ. ಆಡಿದರೆ ಮನೆ ಹುಡುಕಿಕೊಂಡು ಬರುತ್ತದೆಂಬ ಭಯ.

ಶಾದ್ಲಿಯಾಳ ಎದೆ ಒಡೆದದ್ದು ಆಗಲೇ. ಏಕೆಂದರೆ ಇದೇ ಮಾತನ್ನು ಅವಳೂ ಒಮ್ಮೆ ಹೇಳಿದ್ದಳು. ಏಳು ವರ್ಷದ ಹಿಂದೆ ಗಂಡ ಮೋಂಜಿಗೆ ಹೊಟ್ಟೆ ನೋವು ಬಂದಾಗ, ಬಂದರಿನಲ್ಲಿ ದೋಣಿಗಳಿಗೆ ಬಣ್ಣ ಬಳಿಯುತ್ತಿದ್ದ ಆ ಗಟ್ಟಿ ಆಳು ಎರಡೇ ತಿಂಗಳಲ್ಲಿ ಅಂಗಿಯೊಳಗೆ ಹುಡುಕಬೇಕಾದಷ್ಟು ಸೊರಗಿದಾಗ, ಡಾಕ್ಟರು ಅವಳನ್ನೂ ಎಮ್ನಾಳನ್ನೂ ವರಾಂಡಕ್ಕೆ ಕರೆದು ವಿಷಯ ಹೇಳಿದ್ದರು. ಇಂಥದನ್ನು ಹೇಳುವುದು ಮನೆಯವರಿಗೆ. ಮಲಗಿದವರಿಗೆ ಹೇಳುವ ಕ್ರೂರಿ ಯಾರೂ ಇಲ್ಲ. ಶಾದ್ಲಿಯಾ ವರಾಂಡದ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಒಳಗೆ ಹೋಗಿ, “ಸಾಧು ಗಡ್ಡೆಯಂತೆ ಕಣ್ರೀ. ಕೊಯ್ದು ತೆಗೆದ್ರೆ ಮುಗೀತಂತೆ,” ಎಂದಿದ್ದಳು. ಮೋಂಜಿ “ಅಲ್‌ಹಮ್ದುಲಿಲ್ಲಾ” ಎಂದು ಉಸಿರು ಬಿಟ್ಟು, “ಒಂದು ಕಾಫಿ ಸಿಗುತ್ತಾ ನೋಡು,” ಎಂದಿದ್ದ. ಹೊಟ್ಟೆ ಕೊಯ್ದರು, ನೋಡಿದರು, ಹಾಗೇ ಹೊಲಿದರು. ನಲವತ್ಮೂರನೇ ದಿನಕ್ಕೆ ಅವನನ್ನು ಕಡಲ ದಂಡೆಯ ಗೋರಿಗಳ ನಡುವೆ ಮಲಗಿಸಿ ಬಂದರು. ಗಂಡ ಹೆದರಿಕೆಯಿಲ್ಲದೆ ಹೋದ ಎನ್ನುವುದೊಂದೇ ಅವಳಿಗೆ ಉಳಿದಿದ್ದ ಸಮಾಧಾನ. ಅಷ್ಟು ಚೆನ್ನಾಗಿ ಸುಳ್ಳು ಹೇಳಿದ್ದಳು. ಆ ಸುಳ್ಳನ್ನು ಪಕ್ಕದಲ್ಲೇ ನಿಂತು ಕೇಳಿ ಕಲಿತವಳು ಎಮ್ನಾ.

ವಸೀಲಾ ಬಂದುಹೋದ ದಿನ ಸಂಜೆ ಎಮ್ನಾ ಮೀನು ತೆಗೆದುಕೊಂಡು ಬಂದವಳು ಅಡುಗೆಮನೆಯ ಕಟ್ಟೆಯ ಮೇಲೆ ಹಂಡೆ ನೋಡಿ ಗಕ್ಕನೆ ನಿಂತಳು.

“ಚಿಕ್ಕಮ್ಮ ಕೊಟ್ರಾ? ಅವರೇ?”

“ಅವಳಿಗೆ ಏನು ಹೇಳಿದ್ದೀಯ ನೀನು?”

“ಇರೋದನ್ನೇ ಹೇಳ್ದೆ. ಸಾಧು ಗಡ್ಡೆ, ಆಪರೇಷನ್ ಆಗ್ಬೇಕು ಅಂತ.”

“ಸಾಧು ಗಡ್ಡೆಗೆ ವಸೀಲಾ ಹಂಡೆ ಕೊಡ್ತಾಳಾ? ಅತ್ತೆ ಸತ್ತಾಗ ಶವ ಏಳೋಕೆ ಮುಂಚೆ ಇದನ್ನ ಕೋಣೆಗೆ ಹಾಕಿ ಬೀಗ ಜಡಿದೋಳು.”

“ನಂಗೇನು ಗೊತ್ತಮ್ಮ. ವಯಸ್ಸಾಯ್ತು, ಮನಸ್ಸು ಕರಗಿರಬಹುದು.”

“ವಸೀಲಾಳ ಮನಸ್ಸು,” ಎಂದಳು ಶಾದ್ಲಿಯಾ. ಅಷ್ಟು ಹೇಳಿದರೆ ಸಾಕಾಗಿತ್ತು. ಎಮ್ನಾ ಮೀನಿನ ಹೊಟ್ಟೆ ಸೀಳುತ್ತ ಸಿಂಕಿನ ಕಡೆ ತಿರುಗಿ ನಿಂತಳು. ಮಗಳ ಬೆನ್ನನ್ನು ನೋಡುತ್ತ ಶಾದ್ಲಿಯಾ ತನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡಳು. ಗಡ್ಡೆ ಅಲ್ಲೇ ಇತ್ತು, ಒತ್ತಿದರೆ ಮೆತ್ತಗೆ, ಬಿಟ್ಟರೆ ಮತ್ತೆ ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು.

ಮಗಳ ಬಾಯಿಂದ ಬೇಡ, ಡಾಕ್ಟರ ಬಾಯಿಂದಲೇ ಕೇಳಬೇಕೆಂದು ಹಟ ಹಿಡಿದದ್ದಕ್ಕೆ ಗುರುವಾರ ಎಮ್ನಾ ಅವಳನ್ನು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರ್ ಅಯಾದಿ ನರೆತ ಮೀಸೆಯ, ಮೆಲುದನಿಯ ಮನುಷ್ಯ. ಕಂಪ್ಯೂಟರಿನ ಪರದೆಯನ್ನು ಅವಳ ಕಡೆಗೆ ತಿರುಗಿಸಿದರು.

“ಹಜ್ಜಾ, ಇಲ್ಲಿ ನೋಡಿ.”

“ನಾನು ಹಜ್‌ಗೆ ಹೋಗಿಲ್ಲ ಡಾಕ್ಟ್ರೇ.”

“ಹೋಗ್ತೀರಂತೆ ಬಿಡಿ. ಕರುಳನ್ನ ಬೆನ್ನಿಗೆ ಹಿಡಿದಿಟ್ಟಿರೋ ಒಂದು ಪೊರೆ ಎಲ್ಲರಿಗೂ ಇರುತ್ತೆ. ನಿಮಗೆ ಆ ಪೊರೆಯೊಳಗೆ ರಕ್ತನಾಳಗಳು ಒಂದಕ್ಕೊಂದು ಸುತ್ಕೊಂಡು ಗಂಟಾಗಿವೆ. ಹೆಮಾಂಜಿಯೋಮ ಅಂತಾರೆ. ಕೆಲವರು ಹುಟ್ಟುವಾಗಲೇ ಚರ್ಮದ ಮೇಲೆ ಕೆಂಪು ಮಚ್ಚೆ ಹೊತ್ಕೊಂಡು ಬರ್ತಾರಲ್ಲ, ಅದರ ಜಾತಿನೇ ಇದೂ. ಆದ್ರೆ ಈ ಜಾಗದಲ್ಲಿ ಬರೋದು ತುಂಬ ಅಪರೂಪ. ನನ್ನ ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ನಿಮ್ಮದು ಎರಡನೇದು.”

“ಮೊದಲನೆಯವರು ಈಗ ಎಲ್ಲಿದ್ದಾರೆ?”

“ಸ್ಫಾಕ್ಸ್‌ನಲ್ಲಿ ಬಸ್ ಓಡಿಸ್ಕೊಂಡಿದ್ದಾನೆ.”

ಉತ್ತರ ತೀರ ಬೇಗ ಬಂತೆಂದು ಶಾದ್ಲಿಯಾಳಿಗೆ ಅನ್ನಿಸಿತು. “ಅದಲ್ಲ ಅಂತ ಹೇಗೆ ಹೇಳ್ತೀರಿ?”

“ಕೈಗೆ ಔಷಧಿ ಚುಚ್ಚಿ ಚಿತ್ರ ತೆಗೆದ್ವಲ್ಲ. ಆ ಔಷಧಿ ಗಡ್ಡೆಯ ಅಂಚಿಂದ ಒಳಕ್ಕೆ ನಿಧಾನಕ್ಕೆ ತುಂಬ್ಕೊಂಡು ಹೋಗಿದೆ, ತುಂಬಿದ್ದು ಅಲ್ಲೇ ನಿಂತಿದೆ. ಕೆಟ್ಟ ಗಡ್ಡೆ ಸಾಮಾನ್ಯವಾಗಿ ಹಾಗೆ ಮಾಡಲ್ಲ. ಗಬಕ್ಕನೆ ಕುಡಿದು ಅಷ್ಟೇ ಬೇಗ ಬಿಟ್ಬಿಡುತ್ತೆ. ನೂರಕ್ಕೆ ತೊಂಬತ್ತೈದು ಪಾಲು ನನಗೆ ಧೈರ್ಯ ಇದೆ. ಮಿಕ್ಕ ಐದು, ಅದನ್ನ ತೆಗೆದು ಲ್ಯಾಬಿಗೆ ಕಳಿಸಿದ ಮೇಲೆ.”

“ಸೂಜಿ ಹಾಕಿ ಒಂದು ಚೂರು ತೆಗೆದು ನೋಡ್ತಾರಲ್ಲ. ನಮ್ಮ ಪಕ್ಕದ ಮನೆಯವಳಿಗೆ ಹಾಗೇ ಮಾಡಿದ್ರು.”

“ನಿಮಗೆ ಆಗಲ್ಲ. ಅದರ ಒಳಗಿರೋದೆಲ್ಲ ರಕ್ತ. ಸೂಜಿ ಹಾಕಿದ್ರೆ ಹೊಟ್ಟೆಯೊಳಗೇ ಸುರಿದುಬಿಡುತ್ತೆ. ಹಾಗೇ ಬಿಟ್ರೂ ಒಂದಿನ ತಾನಾಗೇ ಒಡೀಬಹುದು, ಹನ್ನೊಂದು ಸೆಂಟಿಮೀಟರ್ ಬೆಳೆದಿದೆ. ಅದಕ್ಕೇ ಬೇಗ ತೆಗೆಸಿ ಅಂತಿರೋದು.”

ಮೋಂಜಿಗೂ ಸೂಜಿ ಹಾಕಿರಲಿಲ್ಲ. ಅಗತ್ಯವಿಲ್ಲ ಎಂದಿದ್ದರು. ಎಲ್ಲ ಗೊತ್ತಾಗಿಬಿಟ್ಟಿದ್ದರಿಂದ ಅಗತ್ಯವಿರಲಿಲ್ಲ.

ಹೊರಗೆ ಬಂದು ಬೆಂಚಿನ ಮೇಲೆ ಕೂತದ್ದೇ ತಡ, ಡಾಕ್ಟರು ಬಾಗಿಲಲ್ಲಿ ತಲೆ ಹಾಕಿ, “ಎಮ್ನಾ, ನೀವೊಂದು ನಿಮಿಷ,” ಎಂದು ಮಗಳನ್ನು ಒಳಗೆ ಕರೆದರು. ಬಾಗಿಲಿನ ಗಾಜಿನ ಕಿಂಡಿಯಿಂದ ಶಾದ್ಲಿಯಾ ನೋಡಿದಳು. ಡಾಕ್ಟರು ಮೆಲ್ಲಗೆ ಏನೋ ಹೇಳುತ್ತಿದ್ದರು. ಎಮ್ನಾ ತಲೆಯಾಡಿಸುತ್ತಿದ್ದಳು, ಆಡಿಸುತ್ತ ಬೆರಳ ತುದಿಯಿಂದ ಕಣ್ಣೊರೆಸಿಕೊಂಡಳು. ಆ ಬೆಂಚು, ಆ ನಲ್ಲಿ, ಆ ಫಿನೈಲಿನ ವಾಸನೆ, ಯಾವುದೂ ಬದಲಾಗಿರಲಿಲ್ಲ. ಏಳು ವರ್ಷದ ಹಿಂದೆ ಇವಳು ನಿಂತಿದ್ದ ಜಾಗದಲ್ಲಿ ಈಗ ಮಗಳು, ಮೋಂಜಿಯ ಜಾಗದಲ್ಲಿ ಇವಳು.

“ರಕ್ತ ಕೊಡೋರನ್ನ ಹೊಂದಿಸ್ಬೇಕಂತೆ,” ಎಂದಳು ಎಮ್ನಾ ಹೊರಗೆ ಬಂದು. “ಐದಾರು ಜನ.”

“ಅಷ್ಟು ಹೇಳೋಕೆ ಬಾಗಿಲು ಹಾಕ್ಬೇಕಿತ್ತಾ? ಅಷ್ಟಕ್ಕೆ ನೀನು ಅಳಬೇಕಿತ್ತಾ?”

“ಆಪರೇಷನ್ ಮಾಡುವಾಗ ರಕ್ತ ಸುರಿದ್ರೆ ನಿಲ್ಲಿಸೋದು ಕಷ್ಟ ಅಂದ್ರಮ್ಮ. ನಂಗೆ ಹೆದರಿಕೆ ಆಗಲ್ವಾ?”

ಆ ಮಾತು ನಿಜವಿರಬಹುದೆಂದು ಒಂದು ಕ್ಷಣ ಅನ್ನಿಸಿತು. ಆದರೆ ವರಾಂಡದಲ್ಲಿ ಹುಟ್ಟಿದ ಸುಳ್ಳುಗಳು ಎಷ್ಟು ನಿಜದ ಹಾಗೆ ಕೇಳುತ್ತವೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. “ಕೊಯ್ಯೋದು ಬೇಡ,” ಎಂದಳು. “ಗಾಳಿ ಸೋಕಿದ್ರೆ ಅದು ಮೈಯೆಲ್ಲ ಹಬ್ಬುತ್ತೆ. ನಿಮ್ಮಪ್ಪಂಗೆ ಹಬ್ಬಿದ್ದು ಹಾಗೇ. ಕುಸ್ಕುಸ್ ಮಾಡಿಟ್ಟು, ಮನೇಲೇ ಇರ್ತೀನಿ.” ದಾರಿಯುದ್ದಕ್ಕೂ ಎಮ್ನಾ ಬೇಡಿಕೊಂಡಳು, ಬೈದಳು, ಕೊನೆಗೆ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಕುಸ್ಕುಸ್ ಮಾಡಲು ಸೋಮವಾರ ತಾರಸಿಯ ಮೇಲೆ ಹೆಂಗಸರು ಸೇರಿದರು. ಪಕ್ಕದ ಮನೆಯ ಮೂವರು, ಜೊತೆಗೆ ಕರೆಯದಿದ್ದರೂ ಬಂದ ವಸೀಲಾ. ಮರದ ಹರಿವಾಣದಲ್ಲಿ ರವೆ ಹರಡಿ, ಉಪ್ಪುನೀರು ಚಿಮುಕಿಸಿ, ಅಂಗೈಯಲ್ಲಿ ಉರುಳಿಸಿ ಉರುಳಿಸಿ ಕಾಳು ಕಟ್ಟುವುದು, ಜರಡಿ ಹಿಡಿಯುವುದು, ಹಬೆಯಲ್ಲಿ ಬೇಯಿಸುವುದು, ಬಿಳಿ ಹಾಸಿನ ಮೇಲೆ ಒಣಹಾಕುವುದು. ಬರುವ ಆಗಸ್ಟ್‌ವರೆಗೆ ಮನೆ ಉಣ್ಣುವ ಕಾಳು. ಕೈಗೆ ಎಷ್ಟು ಕೆಲಸವೋ ಬಾಯಿಗೂ ಅಷ್ಟೇ ಕೆಲಸವಿರುವ ದಿನ ಅದು. ಯಾರ ಸೊಸೆ ಸೋಮಾರಿ, ಯಾರ ಗಂಡ ಜುಗ್ಗ, ಎಲ್ಲವೂ ಜರಡಿಗೆ ಬೀಳುತ್ತಿತ್ತು. ಶಾದ್ಲಿಯಾಳ ಕೈ ಒರಟು, ಅವಳ ಕುಸ್ಕುಸ್ ಕಾಳು ಕಡಲೆಕಾಳು ಎಂಬ ಗೇಲಿಯಂತೂ ವರ್ಷ ವರ್ಷ ತಪ್ಪಿದ್ದಲ್ಲ.

ಈ ಸಲ ಯಾರೂ ಗೇಲಿ ಮಾಡಲಿಲ್ಲ. ದಿಂಬು ತಂದು ಬೆನ್ನಿಗಿಟ್ಟರು. ಬಿಸಿಲು ಬಿದ್ದರೆ ನೆರಳಿಗೆ ಜರುಗಿಸಿದರು. ಪುದೀನ ಚಹಾದಲ್ಲಿ ಅವಳ ಲೋಟಕ್ಕೆ ಬಾದಾಮಿ ಹೆಚ್ಚು ಬಿತ್ತು. ವಸೀಲಾ ಜರಡಿಯಿಂದ ಒಂದು ಹಿಡಿ ಕಾಳು ಎತ್ತಿ ಬೆಳಕಿಗೆ ಹಿಡಿದು, “ಎಂಥಾ ಸಣ್ಣ ಕಾಳು ಅಕ್ಕ. ಮುತ್ತು ಇದ್ದ ಹಾಗಿದೆ,” ಎಂದಳು.

ಶಾದ್ಲಿಯಾ ಆ ಕಾಳು ನೋಡಿದಳು. ಎಂದಿನ ಹಾಗೇ ಕಡಲೆಕಾಳಿನ ಗಾತ್ರವಿತ್ತು. ತಾರಸಿಯ ಆಚೆ ಕಡಲು, ಕಡಲ ದಂಡೆಯಲ್ಲಿ ಸುಣ್ಣ ಬಳಿದ ಗೋರಿಗಳು ಕಾಣುತ್ತಿದ್ದವು. ಒಣಹಾಕಿದ ಬಿಳಿ ಹಾಸಿಗೂ ಆ ಗೋರಿಗಳಿಗೂ ಬಿಸಿಲಲ್ಲಿ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಈ ಕುಸ್ಕುಸ್ ಮೊದಲು ಬಡಿಸುವುದು ತನ್ನ ಮೂರನೇ ದಿನದ ಊಟಕ್ಕೇ ಇರಬೇಕು, ತನ್ನ ಸಾವಿನ ಅಡುಗೆಗೆ ತಾನೇ ಕಾಳು ಕಟ್ಟುತ್ತಿದ್ದೇನೆ ಎಂದು ಹೊಳೆದು ಅವಳ ಕೈ ರವೆಯಲ್ಲಿ ಹಾಗೇ ನಿಂತಿತು. ಯಾರೋ ಬಿಸ್ಮಿಲ್ಲಾ ಎಂದು ಗೊಣಗಿದರು.

ಎರಡನೇ ದಿನ ಮಧ್ಯಾಹ್ನ, ಉಳಿದವರು ನಮಾಜಿಗೆ ಇಳಿದು ಹೋಗಿದ್ದಾಗ, ಹಂಡೆಯ ಮೇಲೆ ಕೊನೆಯ ಸಲ ಬೇಯುತ್ತಿದ್ದ ಕಾಳಿಗೆ ಅವಳೊಬ್ಬಳೇ ಕಾವಲಿದ್ದ ಹೊತ್ತಿನಲ್ಲಿ, ಆ ತಿರುಚುವ ನೋವು ಬಂತು. ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಒಡೆಯಿತೇ, ಒಳಗೆ ಸುರಿಯುತ್ತಿದೆಯೇ ಎಂದು ಕಿವಿಗೊಟ್ಟು ಕೂತಳು, ರಕ್ತ ಸುರಿದರೆ ಸದ್ದು ಕೇಳಿಸುತ್ತದೆ ಎನ್ನುವವಳ ಹಾಗೆ. ಎಷ್ಟು ಹೊತ್ತಾಯಿತೋ. ಕಣ್ಣು ಬಿಟ್ಟಾಗ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ವಸೀಲಾ ಮೆಟ್ಟಿಲು ಹಾರಿ ಬಂದು ಒಲೆ ಆರಿಸಿ, ಬಟ್ಟೆ ಹಿಡಿದು ಹಂಡೆ ಇಳಿಸುತ್ತಿದ್ದಳು. ನೀರು ಆರಿಹೋಗಿ ತಳದ ಕಲಾಯಿ ಕರಗಿ, ಗುಳ್ಳೆ ಗುಳ್ಳೆಯಾಗಿ, ಕರಿ ಹಿಡಿದಿತ್ತು. ಅತ್ತೆ ಮದುಮಗಳಾಗಿ ತಂದ ಹಂಡೆ. ಅವಳು ಅದನ್ನು ಒಂದು ದಿನವೂ ಸುಡಗೊಟ್ಟಿರಲಿಲ್ಲ.

ಶಾದ್ಲಿಯಾ ಬೈಗುಳಕ್ಕಾಗಿ ಕಾದಳು. ಬರಲಿ, ದೇವರೇ ಬರಲಿ ಎಂದು ಒಳಗೊಳಗೇ ಬೇಡಿಕೊಂಡಳು. ವಸೀಲಾ ಹಂಡೆಯ ತಳವನ್ನು ನೋಡಿದಳು. ಅವಳ ದವಡೆ ಒಮ್ಮೆ ಬಿಗಿಯಾಯಿತು, ಸಡಿಲಾಯಿತು. “ಹೋಗ್ಲಿ ಬಿಡು ಅಕ್ಕ,” ಎಂದಳು. “ಹಂಡೆ ತಾನೇ.”

ಅದಕ್ಕಿಂತ ಭಯಂಕರವಾದ ಮಾತನ್ನು ಶಾದ್ಲಿಯಾ ಜನ್ಮದಲ್ಲಿ ಕೇಳಿರಲಿಲ್ಲ.

ಎಲ್ಲರೂ ಹೋದ ಮೇಲೆ ಎಮ್ನಾ ತಾರಸಿಗೆ ಬಂದಳು. ಒಣಗಿದ ಕಾಳನ್ನು ಜಾಡಿಗೆ ತುಂಬುತ್ತ ತುಂಬುತ್ತ ಇದ್ದಕ್ಕಿದ್ದಂತೆ ಕೂತುಬಿಟ್ಟು, ಮುಖ ಮುಚ್ಚಿಕೊಂಡು ಅತ್ತಳು. ಇಪ್ಪತ್ತೊಂಬತ್ತು ವರ್ಷದವಳು, ನಲವತ್ತು ಮಕ್ಕಳನ್ನು ಕಣ್ಣಲ್ಲೇ ಹದ್ದುಬಸ್ತಿನಲ್ಲಿಡುವ ಟೀಚರು, ಬಿಕ್ಕಳಿಸಿ ಬಿಕ್ಕಳಿಸಿ ಅತ್ತಳು. “ಅದು ಒಡೆದು ನೀನು ಸತ್ರೆ ನಾನೇನು ಮಾಡ್ಲಿ,” ಎಂದಳು. “ಅಪ್ಪನೂ ಇಲ್ಲ. ಸಾಧು ಗಡ್ಡೆ ಇಟ್ಕೊಂಡು ಸಾಯ್ತೀನಿ ಅಂತೀಯಲ್ಲ. ಹೇಗೆ ಹೇಳಿದ್ರೆ ನಂಬ್ತೀಯ ನೀನು.”

ಶಾದ್ಲಿಯಾ ಮಗಳನ್ನು ನೋಡುತ್ತ ನಿಂತಳು. ಹೊಟ್ಟೆಯೊಳಗಿನ ಭಯ ಎಲ್ಲೂ ಹೋಗಿರಲಿಲ್ಲ. ಆದರೂ ಅವಳ ಬಾಯಿ ತಾನಾಗಿ ತೆರೆಯಿತು.

“ಅಲ್‌ಹಮ್ದುಲಿಲ್ಲಾ,” ಎಂದಳು. “ಸಾಧು ಗಡ್ಡೆ ತಾನೇ. ತೆಗೆಸಿಬಿಡೋಣ. ಅಳಬೇಡ, ಏಳು. ಒಂದು ಕಾಫಿ ಮಾಡು.”

ಎಮ್ನಾ ಮುಖ ಎತ್ತಿದಳು. ಆ ಮುಖ ಅರಳಿದ್ದನ್ನು ಕಂಡಾಗ ಶಾದ್ಲಿಯಾ ಕೈಗೆ ಸಿಕ್ಕ ಬಟ್ಟೆ ಒಣಗಿಸುವ ತಂತಿ ಹಿಡಿದುಕೊಂಡಳು. ಅದೇ ಮಾತು, ಅದೇ ಕಾಫಿ. ಆ ದಿನ ಆಸ್ಪತ್ರೆಯ ಹಾಸಿಗೆಯ ಮೇಲಿಂದ ಮೋಂಜಿ ತನ್ನ ಮುಖವನ್ನು ಹೀಗೇ ನೋಡುತ್ತಿದ್ದ. ಅವನಿಗೆ ಎಲ್ಲ ಗೊತ್ತಿತ್ತು. ನಲವತ್ಮೂರು ದಿನ ಒಬ್ಬನೇ ಹೆದರಿಕೊಂಡು ಮಲಗಿದ್ದ, ಅವಳಿಗೆ ಗೊತ್ತಾಗದ ಹಾಗೆ. ಏಳು ವರ್ಷ ಕಾಪಾಡಿಕೊಂಡು ಬಂದಿದ್ದ ಒಂದೇ ಒಂದು ಸಮಾಧಾನ ಅವಳ ಕೈಯಿಂದ ಜಾರಿಹೋಯಿತು. ಎಮ್ನಾ ಕಾಫಿಗೆ ಕಿತ್ತಳೆ ಹೂವಿನ ನೀರು ಬೆರೆಸಿ ತಂದಳು. ಶಾದ್ಲಿಯಾ ಕೊನೆಯ ಗುಟುಕಿನ ತನಕ ಕುಡಿದು, ಚೆನ್ನಾಗಿದೆ ಎಂದಳು.

ಮುಂದಿನ ಮಂಗಳವಾರ ಆಪರೇಷನ್ ಆಯಿತು. ನಾಲ್ಕು ಗಂಟೆ ಹಿಡಿಯಿತು, ಮೂರು ಬಾಟಲಿ ರಕ್ತ ಏರಿಸಬೇಕಾಯಿತು. ರಕ್ತ ಕೊಟ್ಟವರಲ್ಲಿ ವಸೀಲಾಳ ಇಬ್ಬರು ಗಂಡುಮಕ್ಕಳೂ ಇದ್ದರು. ಕಣ್ಣು ಬಿಟ್ಟಾಗ ಡಾಕ್ಟರ್ ಅಯಾದಿ ಎದುರಿಗಿದ್ದರು. “ಪೂರ್ತಿ ಬಂತು ಹಜ್ಜಾ. ಒಂದು ತುಂಡು ಕರುಳಿನ ಜೊತೆಗೆ. ನೋಡೋಕೆ ದಾಳಿಂಬೆ ಇದ್ದ ಹಾಗಿತ್ತು.” ಅವಳು ತಲೆಯಾಡಿಸಿದಳು. ಮೋಂಜಿಗೂ ಪೂರ್ತಿ ಬಂತು ಎಂದೇ ಹೇಳಿದ್ದರು.

ಮನೆಗೆ ಬಂದ ಮೇಲೆ ಅವಳ ದಿನಗಳು ಎಣಿಕೆಯಲ್ಲಿ ಕಳೆದವು. ನಲವತ್ಮೂರರಲ್ಲಿ ಇಷ್ಟು ಕಳೆದರೆ ಇನ್ನು ಇಷ್ಟು. ವಸೀಲಾ ದಿನಾ ಬಾರ್ಲಿ ಗಂಜಿ ತರುತ್ತಿದ್ದಳು, ಹಾಸಿಗೆಯ ಅಂಚಿಗೆ ಕೂತು ಕಾಲು ನೀವುತ್ತಿದ್ದಳು, ಹೋಗುವಾಗ ಬಾಗಿಲಲ್ಲಿ ನಿಂತು ತಿರುಗಿ ನೋಡುತ್ತಿದ್ದಳು. ಅವಳ ಹೆಜ್ಜೆ ಸದ್ದು ಕೇಳಿದರೆ ಶಾದ್ಲಿಯಾಳಿಗೆ ಬೆವರು ಬರುತ್ತಿತ್ತು.

ಹದಿನೇಳನೇ ದಿನ ಎಮ್ನಾ ಲ್ಯಾಬಿನ ಕಾಗದ ತಂದಳು. ಫ್ರೆಂಚಿನಲ್ಲಿದ್ದದ್ದನ್ನು ಒಂದೊಂದೇ ಸಾಲು ಓದಿ ಹೇಳಿದಳು: ಹಿಗ್ಗಿದ ರಕ್ತನಾಳಗಳು, ಕೆಟ್ಟ ಜೀವಕೋಶ ಒಂದೂ ಇಲ್ಲ, ಅಂಚುಗಳು ಶುಭ್ರ, ಬೇರೆ ಚಿಕಿತ್ಸೆ ಬೇಡ. ಓದುತ್ತ ಅವಳ ದನಿ ನಗುತ್ತಿತ್ತು. ಶಾದ್ಲಿಯಾ ಆ ಅಕ್ಷರಗಳನ್ನು ನೋಡಿದಳು. ಅವಳಿಗೆ ಅವು ಇರುವೆ ಸಾಲು. ಮಗಳು ಏನನ್ನು ಬೇಕಾದರೂ ಓದಬಹುದಿತ್ತು.

“ಅಲ್‌ಹಮ್ದುಲಿಲ್ಲಾ,” ಎಂದಳು.

ಎಮ್ನಾಳ ನಗು ಅಲ್ಲೇ ಆರಿತು. ಆ ಮಾತಿನ ಹಿಂದೆ ನಂಬಿಕೆ ಇಲ್ಲವೆಂದು ಈಗ ಅವಳಿಗೂ ತಿಳಿಯಿತು. ಕಾಗದವನ್ನು ಮಡಚಿ ದಿಂಬಿನ ಕೆಳಗಿಟ್ಟು ಎದ್ದುಹೋದಳು. ಆ ದಿನವೂ ಮಾರನೆಯ ದಿನವೂ ವಸೀಲಾ ಗಂಜಿ ತರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಬಾಗಿಲು ಧಡಧಡ ಬಡಿದ ಸದ್ದಾಯಿತು. ವಸೀಲಾ ಒಳಗೆ ಬಂದಳು. ಕೈಯಲ್ಲಿ ಗಂಜಿಯಿರಲಿಲ್ಲ, ಕೆನ್ನೆಗೆ ಮುತ್ತಿಡಲೂ ಇಲ್ಲ. ನಡುಮನೆಯಲ್ಲಿ ದಿಂಬಿಗೊರಗಿ ಕೂತಿದ್ದ ಶಾದ್ಲಿಯಾಳನ್ನು ಮೇಲಿಂದ ಕೆಳತನಕ ನೋಡಿದಳು. ಎಮ್ನಾ ಕಾಫಿ ತಂದಳು.

“ಬೇಡ. ಉಪವಾಸ.”

“ರಂಜಾನ್‌ಗೆ ಇನ್ನೂ ಎಷ್ಟೋ ತಿಂಗಳಿದೆ. ಈಗ ಯಾವ ಉಪವಾಸ?” ಎಂದಳು ಶಾದ್ಲಿಯಾ.

“ಆಣೆ ಮುರಿದ ತಪ್ಪಿಗೆ ಹಿಡಿಯೋ ಉಪವಾಸ. ಮೂರು ದಿನ, ಇವತ್ತಿಗೆ ಎರಡನೇದು. ಈ ಸೆಪ್ಟೆಂಬರ್ ಬಿಸಿಲಲ್ಲಿ ಒಂದು ತೊಟ್ಟು ನೀರಿಲ್ಲದೆ, ನಿನ್ನ ದೆಸೆಯಿಂದ.” ವಸೀಲಾ ತಲೆವಸ್ತ್ರದ ತುದಿಯಿಂದ ಕತ್ತು ಒರೆಸಿಕೊಂಡಳು. “ಇನ್ನೇನು ಹೋಗೋಳು, ಅಲ್ಲಾಹನೂ ದೊಡ್ಡದು ಮಾಡಲ್ಲ ಅಂತ ಹಂಡೆ ತಂದು ಕೊಟ್ಟೆ. ನೋಡಿದ್ರೆ ನೀನು ಎಲ್ಲಿಗೂ ಹೊರಟಿಲ್ಲ.”

“ಚಿಕ್ಕಮ್ಮ, ಇದೇನು ಮಾತು,” ಎಂದಳು ಎಮ್ನಾ.

ಶಾದ್ಲಿಯಾ ನೆಟ್ಟಗೆ ಕೂತಳು. “ಯಾರು ಹೇಳಿದ್ರು ನಿಂಗೆ, ನಾನು ಹೊರಟಿಲ್ಲ ಅಂತ?”

“ನಿನ್ನ ಮಗಳು ಹೇಳಿದ್ಲು. ಅವಳ ಮಾತು ನಂಬೋಕೆ ನಂಗೇನು ತಲೆ ಕೆಟ್ಟಿದೆಯಾ? ಮೋಂಜಿ ಭಾವನಿಗೆ ನೀವಿಬ್ರೂ ಸೇರಿ ಹೇಳಿದ್ದು ಇದನ್ನೇ. ನನ್ನ ತಂಗಿ ಮಗಳು ಆ ಲ್ಯಾಬಲ್ಲಿ ಗಾಜು ತೊಳೆಯೋದು. ಅವಳ ಕೈಲಿ ಅಲ್ಲಿಯ ದೊಡ್ಡ ಪುಸ್ತಕ ನೋಡಿಸ್ದೆ. ಅದರಲ್ಲಿ ಅವರು ಯಾರ ಸಮಾಧಾನಕ್ಕೂ ಬರೆಯಲ್ಲ. ಸಾಧು ಅಂತ ಇದೆ.” ವಸೀಲಾ ಆಗಲೇ ಅಡುಗೆಮನೆಯೊಳಗಿದ್ದಳು. ಕಟ್ಟೆಯ ಮೇಲಿಂದ ಹಂಡೆ ಜರುಗಿಸಿದ ಸದ್ದು ಕೇಳಿತು. “ನೋಡು, ನೋಡು ಇದರ ಗತಿ. ಅರವತ್ತು ವರ್ಷದ ಹಂಡೆ. ತಳ ಅಷ್ಟೂ ಸುಟ್ಟು ಕರಿ ಮಾಡಿಟ್ಟಿದ್ದಾಳೆ. ಕಲಾಯಿಯವನು ಇದನ್ನ ನೋಡಿ ಅಳ್ತಾನೆ. ಇಂಥವಳ ಕೈಗೆ ಕೊಟ್ಟೆನಲ್ಲ.”

“ಅದು ನಂದು,” ಎಂದಳು ಶಾದ್ಲಿಯಾ. ದನಿ ಏರಿದ್ದಕ್ಕೆ ಹೊಲಿಗೆ ಚುರ್ರೆಂದಿತು. “ಹಿರಿಸೊಸೆಗೆ ಅಂತ ಅತ್ತೆ ಬಾಯಿಬಿಟ್ಟು ಹೇಳಿದ್ಲು.”

“ಹೇಳಿದ್ರೆ ಗೋರಿಗೆ ಹೋಗಿ ಕೇಳು. ನಡ್ಕೊಂಡು ಹೋಗೋ ಶಕ್ತಿ ಬಂದಿದೆಯಲ್ಲ.” ಹಂಡೆಯನ್ನು ಸೊಂಟಕ್ಕೇರಿಸಿ ವಸೀಲಾ ಹೊಸ್ತಿಲಲ್ಲಿ ತಿರುಗಿದಳು. “ಇನ್ನೊಂದು. ಆ ನಿನ್ನ ಕುಸ್ಕುಸ್ ನಮ್ಮನೆಗೆ ಕಳಿಸ್ಬೇಡ. ಕಾಳಲ್ಲ ಅದು, ಕಡಲೆ. ನಮ್ಮ ಯಜಮಾನರ ಹಲ್ಲು ಮುರಿಯುತ್ತೆ.”

ಬಾಗಿಲು ದೊಡ್ಡ ಸದ್ದಿನೊಂದಿಗೆ ಹಾಕಿಕೊಂಡಿತು. ಎಮ್ನಾ ಲೋಟ ಹಿಡಿದು ನಿಂತೇ ಇದ್ದಳು. ಸಿಟ್ಟಿಗೆ ಅವಳ ಕಣ್ಣು ತುಂಬಿತ್ತು. “ಇನ್ನೂ ಹೊಲಿಗೆ ಮಾಗಿಲ್ಲ,” ಎಂದಳು. “ನಾಚಿಕೆಯಾಗಲ್ವಾ ಈ ಹೆಂಗಸಿಗೆ. ನಾನು ಹೋಗಿ ಕೇಳ್ತೀನಿ.”

“ಎಲ್ಲಿಗೂ ಹೋಗ್ಬೇಡ. ಕೂತ್ಕೋ ಇಲ್ಲಿ.”

ಶಾದ್ಲಿಯಾ ಒಂದು ಕೈಯಿಂದ ಹೊಟ್ಟೆಯ ಹೊಲಿಗೆಯನ್ನು ಒತ್ತಿ ಹಿಡಿದುಕೊಂಡಿದ್ದಳು. ಇನ್ನೊಂದು ಕೈ ದಿಂಬಿನ ಕೆಳಗೆ ತಡಕಾಡಿ, ಮಡಚಿದ ಕಾಗದವನ್ನು ಹೊರಗೆಳೆದು ಮಗಳ ಮುಂದೆ ಚಾಚಿತು.

“ಇನ್ನೊಂದ್ಸಲ ಓದು,” ಎಂದಳು. “ಮೊದಲಿಂದ. ನಿಧಾನಕ್ಕೆ.”

ಎಮ್ನಾ ಕಣ್ಣೊರೆಸಿಕೊಂಡು ಕಾಗದ ಬಿಡಿಸಿದಳು. ಹೊರಗೆ ಬೀದಿಯ ಕಲ್ಲುಹಾಸಿನ ಮೇಲೆ ವಸೀಲಾಳ ಹೆಜ್ಜೆಗೊಮ್ಮೆ ತೂತಿನ ಪಾತ್ರೆ ಹಂಡೆಗೆ ಬಡಿದು ಟಣ್ ಟಣ್ ಎನ್ನುತ್ತ, ಮೂಲೆ ತಿರುಗುವ ತನಕ ಕೇಳಿಸುತ್ತಲೇ ಇತ್ತು.